ಎಥನಾಲ್ ಫೀಡ್ ಪಂಪ್ ವಿಮರ್ಶೆ: ಮ್ಯಾಗ್ನೆಟಿಕ್ ಕಪ್ಲಿಂಗಿನ ಗೇರ್ ಪಂಪ್ ಲಾರಿಗೆ ಒಗ್ಗುತ್ತದೆಯೇ?

ಲಾರಿಯ ಸೈಲೆನ್ಸರ್‌ನಲ್ಲಿ ಸುಮ್ಮನೆ ಹೋಗುವ ಬಿಸಿಯಿಂದ ಎಥನಾಲ್ ಕುದಿಸಿ, ಆ ಆವಿಯಿಂದ ಎಕ್ಸ್‌ಪ್ಯಾಂಡರ್ (ಆವಿಯ ಒತ್ತಡದಿಂದ ತಿರುಗಿ ಶಕ್ತಿ ಕೊಡುವ ಯಂತ್ರ) ತಿರುಗಿಸುವ ವ್ಯವಸ್ಥೆಯಲ್ಲಿ ಎಲ್ಲರ ಕಣ್ಣೂ ಎಕ್ಸ್‌ಪ್ಯಾಂಡರ್ ಮೇಲೆ. ತಲೆನೋವು ಮಾತ್ರ ದ್ರವ ಎಥನಾಲನ್ನು ಒತ್ತಡಕ್ಕೇರಿಸಿ ಕುದಿಯುವ ಕಡೆಗೆ ತಳ್ಳುವ ಫೀಡ್ ಪಂಪಿನದು. ಇಲ್ಲಿ ನೋಡುತ್ತಿರುವುದು ಸ್ಟೇನ್‌ಲೆಸ್ ಬಾಡಿ, ಕಾರ್ಬನ್ ಬುಷ್, 24 ವೋಲ್ಟ್ ಮೋಟಾರ್ ಇರುವ ಗೇರ್ ಪಂಪ್ ಮಾದರಿಯನ್ನು. ಮೋಟಾರನ್ನೂ ಪಂಪನ್ನೂ ಜೋಡಿಸುವುದು ಮ್ಯಾಗ್ನೆಟಿಕ್ ಕಪ್ಲಿಂಗ್: ಶಾಫ್ಟ್ ಹೊರಗೆ ಬರದೆ, ಗೋಡೆಯಾಚೆಯಿಂದ ಆಯಸ್ಕಾಂತದ ಸೆಳೆತವೇ ಪಂಪನ್ನು ತಿರುಗಿಸುತ್ತದೆ.

ಸೆಕೆಂಡಿಗೆ 50 ಗ್ರಾಂ ಎಥನಾಲ್, 65 ಡಿಗ್ರಿಯಲ್ಲಿ, ಅಂದರೆ ನಿಮಿಷಕ್ಕೆ 4 ಲೀಟರ್. ಅದನ್ನು 30 ಬಾರ್‌ಗೆ ಏರಿಸಲು ಬೇಕಾದದ್ದು 200 ವಾಟ್. ಪಂಪಿನ ದಕ್ಷತೆ 50% ಎಂದಿಟ್ಟುಕೊಂಡು ಮೋಟಾರಿನ ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯಿಂದ ಎಳೆಯುವುದು ಸುಮಾರು 20 ಆಂಪಿಯರ್. 2000 ಆರ್‌ಪಿಎಂನಲ್ಲಿ 20% ಒಳಸೋರಿಕೆ ಹಿಡಿದರೆ ಸುತ್ತಿಗೆ 2.5 ಸಿಸಿ ಪಂಪ್ ಸಾಕು. ಕಾಗದದ ಮೇಲೆ ಎಲ್ಲವೂ ಸರಿ.

ಆದರೆ ಕ್ಯಾಟಲಾಗಿನ ಕರ್ವ್ (ಎಷ್ಟು ಒತ್ತಡಕ್ಕೆ ಎಷ್ಟು ಫ್ಲೋ ಎಂಬ ಗೆರೆ) ಸಾಮಾನ್ಯವಾಗಿ ಹೈಡ್ರಾಲಿಕ್ ಆಯಿಲ್‌ನದು. ಬಿಸಿ ಎಥನಾಲ್ ಅದಕ್ಕಿಂತ ಹತ್ತಾರು ಪಟ್ಟು ತೆಳು, ಜಾರುಗುಣವೂ ಇಲ್ಲ. ಬುಷ್ ಸವೆದು ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟಾಗುತ್ತದೆ. ಹಾಗಾಗಿ ಹೊಸ ಪಂಪಿನ ಫ್ಲೋ ನೋಡಿ ಅಂಕ ಕೊಡಬೇಡಿ.

ನಿಜವಾದ ಪರೀಕ್ಷೆ ಸಕ್ಷನ್ ಕಡೆ, ಅಂದರೆ ಪಂಪ್ ದ್ರವ ಎಳೆದುಕೊಳ್ಳುವ ಬದಿ. ಅಲ್ಲಿ ಒತ್ತಡ ಇಳಿದರೆ ಎಥನಾಲ್ ಪಂಪಿನೊಳಗೇ ಕುದಿಯುತ್ತದೆ. ಆವಿಯನ್ನು ಮತ್ತೆ ದ್ರವವಾಗಿಸುವ ಕಂಡೆನ್ಸರ್ 1 ಬಾರ್‌ನಲ್ಲಿದ್ದರೆ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ. ಟ್ಯಾಂಕನ್ನು ಪಂಪಿಗಿಂತ ಅರ್ಧ ಮೀಟರ್ ಎತ್ತರದಲ್ಲಿ ಕೂರಿಸಿದರೂ ಸಿಗುವ ಒತ್ತಡ 0.04 ಬಾರ್ ಅಷ್ಟೇ. ಅದೇ ಕುದಿಬಿಂದುವಿಗಿಂತ 10 ಡಿಗ್ರಿ ಹೆಚ್ಚು ತಂಪು ಮಾಡಿದರೆ (ಇದೇ ಸಬ್‌ಕೂಲಿಂಗ್) ಕುದಿಯುವ ಮುನ್ನ 0.3 ಬಾರ್ ಅಂತರ ಉಳಿಯುತ್ತದೆ. ಟ್ಯಾಂಕಿನ ಜಾಗಕ್ಕಾಗಿ ಚಾಸಿಸ್ ಡಿಸೈನಿನವರ ಜೊತೆ ಜಗಳವಾಡುವ ಬದಲು ಸಬ್‌ಕೂಲಿಂಗ್ ಕೇಳುವುದು ಜಾಣತನ. ಘಾಟಿ ಏರುವಾಗ ಲೋಡ್ ಹೆಚ್ಚು, ಗಾಳಿ ಕಡಿಮೆ. ಆ ತಂಪು ಕೈಬಿಡುವುದೂ, ಗರಗರ ಸದ್ದಿನ ಕ್ಯಾವಿಟೇಶನ್ (ಆವಿಯ ಗುಳ್ಳೆಗಳು ಎದ್ದು ಒಡೆಯುವುದು) ಶುರುವಾಗುವುದೂ ಆಗಲೇ. 10 ಮೈಕ್ರಾನ್ ಫಿಲ್ಟರನ್ನು ಸಕ್ಷನ್‌ಗೆ ಹಾಕಿದರೂ ಅದೇ ಗತಿ. ಅದು ಡೆಲಿವರಿ ಕಡೆ ಇರಲಿ, ಸಕ್ಷನ್‌ಗೆ ದೊಡ್ಡ ಕಣ್ಣಿನ ಜಾಲರಿ ಸಾಕು. ಒತ್ತಡ ಮಿತಿಮೀರಿದರೆ ತೆರೆಯುವ ರಿಲೀಫ್ ವಾಲ್ವಿನ ವಾಪಸ್ ಪೈಪು ಟ್ಯಾಂಕಿಗೇ ಹೋಗಬೇಕು. ಪಂಪಿನ ಬಾಯಿಗೆ ಕೊಟ್ಟರೆ ಅದೇ ದ್ರವ ಸುತ್ತಿ ಸುತ್ತಿ ಕಾಯುತ್ತದೆ.

ಮ್ಯಾಗ್ನೆಟಿಕ್ ಕಪ್ಲಿಂಗ್‌ಗೆ ಪೂರ್ಣ ಅಂಕ, ಒಂದು ಷರತ್ತಿನ ಮೇಲೆ. ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಗುಲಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ತಾಪ) ಸುಮಾರು 13 ಡಿಗ್ರಿ. ಬಿಸಿ ಎಂಜಿನ್ ಪಕ್ಕದಲ್ಲಿ ತೊಟ್ಟಿಕ್ಕುವ ಶಾಫ್ಟ್ ಸೀಲ್ ಯಾರಿಗೂ ಬೇಡ. ಆದರೆ ಗೇರ್ ಬಿಗಿದರೆ ಕಪ್ಲಿಂಗ್ ಜಾರುತ್ತದೆ: ಮೋಟಾರ್ ತಿರುಗುತ್ತಲೇ ಇರುತ್ತದೆ, ಫ್ಲೋ ಸೊನ್ನೆ, ಎಥನಾಲ್ ಕುದಿಸುವ ಇವ್ಯಾಪೊರೇಟರ್ ಒಣಗಿ ಉಳಿದ ಎಥನಾಲ್ ಕರಕಾಗುತ್ತದೆ. ಮೋಟಾರ್ ಆರ್‌ಪಿಎಂ ನಂಬಬೇಡಿ. ಡೆಲಿವರಿ ಒತ್ತಡ ಕುಸಿದ ಕೂಡಲೇ ಎಕ್ಸಾಸ್ಟ್ ಬೈಪಾಸ್ (ಬಿಸಿ ಹೊಗೆ ಇವ್ಯಾಪೊರೇಟರ್ ತಪ್ಪಿಸಿ ಹೋಗುವ ದಾರಿ) ತೆರೆಯುವಂತೆ ಇಸಿಯುಗೆ, ಅಂದರೆ ನಿಯಂತ್ರಣ ಕಂಪ್ಯೂಟರಿಗೆ, ಕಲಿಸಿ.

ಅಲ್ಯೂಮಿನಿಯಂ ಬಾಡಿಯ ಅಗ್ಗದ ಆವೃತ್ತಿ ಬೇಡ. ನೀರಿನಂಶವಿಲ್ಲದ ಬಿಸಿ ಎಥನಾಲ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಗೇರ್ ಪಂಪಿಗೆ ಬದಲಿಯಾದ ಪಿಸ್ಟನ್ ಪಂಪಿನಲ್ಲಿ ಒಳಸೋರಿಕೆ ಕಡಿಮೆ. ಕ್ರ್ಯಾಂಕ್‌ಕೇಸಿನ ಆಯಿಲ್ ಎಥನಾಲ್ ಜೊತೆ ಬೆರೆಯದಂತೆ ಕಾಯುವ ಸೀಲೇ ಅದರ ದುರ್ಬಲ ಜಾಗ. ಬೆಂಚ್ ಮೇಲಿನ ಕೆಲಸಕ್ಕೆ ಗೇರ್ ಪಂಪಿಗೆ ಐದರಲ್ಲಿ ನಾಲ್ಕು, ಲಾರಿಗೆ ಎರಡೂವರೆ. 65 ಡಿಗ್ರಿ ಎಥನಾಲ್‌ನಲ್ಲಿ ಓಡಿಸಿದ ಕರ್ವನ್ನೂ ಎಂಡ್ಯೂರೆನ್ಸ್ ಟೆಸ್ಟ್ ಆದ ಮೇಲಿನ ಕರ್ವನ್ನೂ ಕೊಡುವ ಸಪ್ಲೈಯರ್ ಸಿಕ್ಕರೆ ಮೂರೂವರೆ.