ಕಂಬಳ ತೋರಿಸುವ ಪ್ರವಾಸ: ಊಟಕ್ಕೆ ಪೂರ್ಣ ಅಂಕ, ಓಟ ಶುರುವಾಗುವ ಗಂತಿನ ವಿಷಯದಲ್ಲಿ ಅರ್ಧ

ಮಂಗಳೂರಿನ ಒಂದು ಪ್ರವಾಸ ಸಂಸ್ಥೆಯವರು ಕಂಬಳದ ಋತುವಿನ ಶನಿವಾರಗಳಂದು ನಗರದಿಂದ ಜೋಡುಕರೆ (ಕರೆ ಎಂದರೆ ಕೋಣಗಳು ಓಡುವ ಕೆಸರಿನ ಹಾದಿ, ಇಲ್ಲಿ ಅಕ್ಕಪಕ್ಕದಲ್ಲಿ ಎರಡು) ಕಂಬಳಕ್ಕೆ ಕರೆದೊಯ್ದು, ರಾತ್ರಿ ಮರಳಿ ತಂದುಬಿಡುವ ಒಂದು ದಿನದ ಪ್ರವಾಸವನ್ನು ನಡೆಸುತ್ತಾರೆ. ತಲಾ 2,800 ರೂಪಾಯಿ ದರದಲ್ಲಿ ವಾಹನ, ಊಟ, ಸಂಜೆಯ ತಿಂಡಿ, ಕರೆಯ ಬದಿಯಲ್ಲಿ ಕುಳಿತು ನೋಡಲು ಜಾಗ ಮತ್ತು ಮಾರ್ಗದರ್ಶಿಯ ವಿವರಣೆ ಸೇರಿವೆ. ಬೆಂಗಳೂರಿನ ಉದ್ಯೋಗಿಗಳು, ರಜೆಗೆ ಊರಿಗೆ ಬಂದ ಮುಂಬೈ ಮತ್ತು ಗಲ್ಫ್‌ನ ಕುಟುಂಬಗಳು, ನಡುವೆ ಒಂದಿಬ್ಬರು ವಿದೇಶೀಯರು ಇವರ ಗ್ರಾಹಕರು. ಕರಪತ್ರದ ಮುಖಪುಟದಲ್ಲಿ ಕೆಸರು ಚಿಮ್ಮಿಸುತ್ತಿರುವ ಕೋಣಗಳ ಚಿತ್ರದ ಕೆಳಗೆ ‘ಸ್ಪೇನಿನಲ್ಲಿ ಗೂಳಿ ಸಾಯುತ್ತದೆ, ತುಳುನಾಡಿನಲ್ಲಿ ಕೋಣ ಗೆಲ್ಲುತ್ತದೆ’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ. ಸೇವೆಯೊಂದು ತಾನಾಗಿಯೇ ಇಂಥ ಮಾತನ್ನು ಮುಂದಿಟ್ಟು ಹಣ ಪಡೆಯುವಾಗ, ಆ ಮಾತಿಗೆ ಅದು ಎಷ್ಟು ಬದ್ಧವಾಗಿದೆ ಎಂಬುದನ್ನೂ ಊಟ ಮತ್ತು ವಾಹನಗಳ ಜೊತೆಯಲ್ಲಿಯೇ ಪರಿಶೀಲಿಸುವುದು ನ್ಯಾಯ.

ವಾಹನ ಹೊಸದು, ಚಾಲಕ ನಿಧಾನಿ. ಮಧ್ಯಾಹ್ನದ ಊಟ ಒಂದು ಮನೆಯ ಚಾವಡಿಯಲ್ಲಿ ಏರ್ಪಾಡಾಗಿತ್ತು. ಕುಚ್ಚಲಕ್ಕಿ ಅನ್ನ, ಕೋರಿ ರೊಟ್ಟಿ, ಸಸ್ಯಾಹಾರಿಗಳಿಗೆ ನೀರುದೋಸೆ ಮತ್ತು ಬಸಳೆ ಸಾರು ಇದ್ದವು, ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಸಂಜೆಯ ಗೋಳಿಬಜೆ ಬಿಸಿಯಾಗಿಯೇ ಬಂತು. ಶೌಚಾಲಯದ ವ್ಯವಸ್ಥೆಯನ್ನು ಮೊದಲೇ ಯೋಚಿಸಿದ್ದರೆಂಬುದು ಮಹಿಳೆಯರಿಗೂ ಹಿರಿಯರಿಗೂ ದೊಡ್ಡ ಅನುಕೂಲ.

ಮಾರ್ಗದರ್ಶಿ ಯುವಕ ಕಂಬಳದ ಮನೆತನವೊಂದರಲ್ಲಿ ಬೆಳೆದವನು, ಮಾತಿನಲ್ಲಿ ನಿಪುಣ. ಕೋಣಗಳಿಗೆ ಕಟ್ಟುವ ಸಾಧನದಿಂದ ಹೆಸರು ಪಡೆದ ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವೇಕೆ, ಅಡ್ಡಹಲಗೆಯ ಮೇಲೆ ನಿಂತವನು ತೂಕವನ್ನು ಹೇಗೆ ನಿಭಾಯಿಸುತ್ತಾನೆ, ನೀರು ಮೇಲಕ್ಕೆ ಚಿಮ್ಮಿಸುವ ಕನೆಹಲಗೆಯಲ್ಲಿ ವೇಗಕ್ಕಿಂತ ಆ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟುವುದೇ ಮುಖ್ಯವಾಗಿ ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರವನ್ನು ಲೆಕ್ಕ ಹಾಕುವುದೇಕೆ ಎಂಬುದನ್ನೆಲ್ಲ ಅವನಷ್ಟು ಸರಳವಾಗಿ ಹೇಳಿದವರನ್ನು ನಾನು ಬೇರೆಲ್ಲೂ ಕೇಳಿಲ್ಲ. 2020ರಲ್ಲಿ ಐಕಳದ ಕರೆಯಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಒಲಿಂಪಿಕ್ಸ್ ಓಟಗಾರನಿಗೆ ಹೋಲಿಸಿತಷ್ಟೆ. ಮುಂದೆ ಓಡುವ ಕೋಣಗಳ ಸೆಳೆತವೂ ಆ ವೇಗದಲ್ಲಿ ಸೇರಿರುವುದರಿಂದ ಹೋಲಿಕೆ ಸರಿಯಲ್ಲ ಎಂದು ಅವನು ವಿವರಿಸಿದ ರೀತಿ ಮೆಚ್ಚುವಂತಿತ್ತು. ನಮ್ಮ ಗುಂಪಿನ ಒಬ್ಬರು ಹತ್ತಿರದಲ್ಲಿ ಕೋಳಿ ಅಂಕ (ಕೋಳಿಕಾಳಗ) ಇದ್ದರೆ ತೋರಿಸುವಿರಾ ಎಂದು ಕೇಳಿದಾಗ, ಅದು ಕಾನೂನಿನ ಪ್ರಕಾರ ಅಪರಾಧ, ನಮ್ಮ ಪ್ರವಾಸದಲ್ಲಿ ಅದಿಲ್ಲ ಎಂದು ನಗುತ್ತಲೇ, ಆದರೆ ಸ್ಪಷ್ಟವಾಗಿ, ನಿರಾಕರಿಸಿದ. ಇದಕ್ಕೆ ಸಂಸ್ಥೆಗೆ ಒಂದು ಅಂಕ ಹೆಚ್ಚಾಗಿಯೇ ಸಲ್ಲಬೇಕು.

ಸ್ಪೇನಿನ ವಿಷಯಕ್ಕೆ ಬಂದಾಗ ವಿವರಣೆ ಏಕಮುಖವಾಯಿತು. ಅಲ್ಲಿನ ಗೂಳಿಕಾಳಗದ ಕ್ರೌರ್ಯವನ್ನು ಅವನು ಉತ್ಪ್ರೇಕ್ಷಿಸಲಿಲ್ಲ, ಅದರ ಅಗತ್ಯವೂ ಇಲ್ಲ. ಕುದುರೆಯ ಮೇಲಿನ ಪಿಕಡೋರ್ ಭರ್ಜಿಯಿಂದ ಗೂಳಿಯ ಹೆಗಲಿನ ಸ್ನಾಯುಗಳನ್ನು ಚುಚ್ಚಿ ಅದರ ತಲೆ ತಗ್ಗುವಂತೆ ಮಾಡುತ್ತಾನೆ. ಬಳಿಕ ಬಣ್ಣದ ಕಾಗದ ಸುತ್ತಿದ ಮುಳ್ಳುಕೋಲುಗಳನ್ನು ಬೆನ್ನಿಗೆ ನೆಡಲಾಗುತ್ತದೆ. ಕೊನೆಗೆ ಮಟಡೋರ್ ಕತ್ತಿಯಿಂದ ಕೊಲ್ಲುತ್ತಾನೆ. ಸುಮಾರು ಇಪ್ಪತ್ತು ನಿಮಿಷಗಳ ಈ ಕ್ರಮ ಒಂದು ಸಂಜೆಗೆ ಸಾಮಾನ್ಯವಾಗಿ ಆರು ಗೂಳಿಗಳಿಗೆ ನಡೆಯುತ್ತದೆ. ಇದರ ಮುಂದೆ ಕಂಬಳ ಸೌಮ್ಯ ಎಂಬುದರಲ್ಲಿ ಯಾರಿಗೂ ಅನುಮಾನವಿರಲಾರದು. ಕರಪತ್ರದ ಹೋಲಿಕೆ ನಮ್ಮವರಿಗೆ ಹಿತವಾಗುವುದು ಈ ಕಾರಣಕ್ಕೇ. ಸಾಯಿಸುವವರ ಪಕ್ಕದಲ್ಲಿ ನಿಂತರೆ ಯಾರೂ ದಯಾಳುಗಳಾಗಿಯೇ ಕಾಣುತ್ತಾರೆ.

ಆದರೆ ಗೂಳಿಕಾಳಗದ ನಾಡುಗಳಲ್ಲಿಯೇ ಜನರ ಮನಸ್ಸು ಬದಲಾಗುತ್ತಿದೆ ಎಂಬ ಸಂಗತಿಯನ್ನು ಅವನು ಪೂರ್ತಿಯಾಗಿ ಬಿಟ್ಟುಬಿಟ್ಟ. ಸ್ಪೇನಿನ ಕ್ಯಾನರಿ ದ್ವೀಪಗಳು 1991ರಲ್ಲಿಯೇ ಗೂಳಿಕಾಳಗಕ್ಕೆ ಅವಕಾಶವಿಲ್ಲದಂತೆ ಕಾನೂನು ಮಾಡಿದವು. ಕ್ಯಾಟಲೋನಿಯಾದ ಶಾಸನಸಭೆ 2010ರಲ್ಲಿ ನಿಷೇಧವನ್ನು ಅಂಗೀಕರಿಸಿತು, 2011ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಕೊನೆಯ ಕಾಳಗ ನಡೆಯಿತು. 2013ರಲ್ಲಿ ಸ್ಪೇನ್ ಗೂಳಿಕಾಳಗವನ್ನು ಸಾಂಸ್ಕೃತಿಕ ಪರಂಪರೆಯೆಂದು ಕಾನೂನಿನ ಮೂಲಕ ಘೋಷಿಸಿತು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು, ಪರಂಪರೆಯ ರಕ್ಷಣೆಯಲ್ಲಿ ಕೇಂದ್ರಕ್ಕಿರುವ ಅಧಿಕಾರವನ್ನು ಪ್ರಾಂತ್ಯವೊಂದು ಅತಿಕ್ರಮಿಸಿದೆ ಎಂದು ಕ್ಯಾಟಲೋನಿಯಾದ ನಿಷೇಧವನ್ನು ರದ್ದುಪಡಿಸಿತು. ನಿಷೇಧ ಹೋದರೂ ಬಾರ್ಸಿಲೋನಾಕ್ಕೆ ಕಾಳಗ ಮರಳಲಿಲ್ಲ ಎಂಬುದು ನನಗೆ ಈ ಕತೆಯ ಅತ್ಯಂತ ಮಹತ್ವದ ಭಾಗವಾಗಿ ಕಾಣುತ್ತದೆ. ಕೊಲಂಬಿಯಾ 2024ರಲ್ಲಿ ಅಂಗೀಕರಿಸಿದ ಕಾನೂನಿನ ನಿಷೇಧ 2027ರಿಂದ ಜಾರಿಗೆ ಬರುವಂಥದ್ದು. ಮೆಕ್ಸಿಕೊ ನಗರ 2025ರಲ್ಲಿ ಗೂಳಿಯನ್ನು ಕೊಲ್ಲುವುದನ್ನೂ ಹರಿತವಾದ ಆಯುಧಗಳ ಬಳಕೆಯನ್ನೂ ನಿಷೇಧಿಸಿತು. ಇಷ್ಟನ್ನು ಹತ್ತು ನಿಮಿಷಗಳಲ್ಲಿ ಹೇಳಬಹುದಿತ್ತು. ಹೇಳಿದ್ದರೆ ವಿದೇಶೀಯ ಅತಿಥಿಗಳ ಮುಂದೆ ನಮ್ಮ ಮಾತಿಗೆ ತೂಕವೂ ಬರುತ್ತಿತ್ತು.

ಗೂಳಿಕಾಳಗದ ಇತಿಹಾಸದ ಇನ್ನೊಂದು ಸಂಗತಿ ಈ ಪ್ರವಾಸಕ್ಕೆ ನೇರವಾಗಿ ಸಂಬಂಧಿಸಿದೆ. ಮೊದಲು ಪಿಕಡೋರನ ಕುದುರೆಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ. ಗೂಳಿಯ ಕೊಂಬಿಗೆ ಸಿಕ್ಕಿ ಹೊಟ್ಟೆ ಸೀಳಿ ಅವು ಪ್ರೇಕ್ಷಕರ ಕಣ್ಣೆದುರೇ ಸಾಯುತ್ತಿದ್ದವು. 1928ರಲ್ಲಿ ಕುದುರೆಗೆ ದಪ್ಪನೆಯ ಹೊದಿಕೆ ಕಡ್ಡಾಯವಾಯಿತು. ಆ ಹೊದಿಕೆ ಅನೇಕ ಕುದುರೆಗಳನ್ನು ಉಳಿಸಿತು, ನಿಜ. ಗೂಳಿಗೆ ಆಗುವ ಗಾಯ ಮಾತ್ರ ಮೊದಲಿದ್ದಂತೆಯೇ ಉಳಿಯಿತು, ಏಕೆಂದರೆ ನೋಡುವವರಿಗೆ ಹೇಸಿಗೆ ಹುಟ್ಟಿಸುತ್ತಿದ್ದುದು ಕುದುರೆಯ ಕರುಳೇ ಹೊರತು ಗೂಳಿಯ ಬೆನ್ನಲ್ಲ. ನೋಡುಗನ ಕಣ್ಣು ಬಿದ್ದಲ್ಲಿ ಮಾತ್ರ ಸುಧಾರಣೆ ನಡೆಯುವುದಾದರೆ, ನೋಡುಗರನ್ನು ಎಲ್ಲಿ ಕೂರಿಸುತ್ತೇವೆ ಎಂಬುದು ಸಣ್ಣ ವಿಷಯವಾಗುವುದಿಲ್ಲ.

ಈ ಸಂಸ್ಥೆ ತನ್ನ ಗ್ರಾಹಕರನ್ನು ಕೂರಿಸುವುದು ಮಂಜೊಟ್ಟಿಯ ಬಳಿ, ಅಂದರೆ ಓಟ ಮುಗಿಯುವ ಕಡೆ. ಛಾಯಾಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆಸರಿನ ತೆರೆ, ಗೆದ್ದವರ ಕೂಗು, ಮೈಗೆ ನೀರೆರೆಯುವ ಹುಡುಗರು ಎಲ್ಲವೂ ಅಲ್ಲಿಯೇ ಸಿಗುತ್ತವೆ. ಪ್ರಾಣಿಹಿಂಸೆಯ ಆಕ್ಷೇಪಗಳಲ್ಲಿ ಬಹುಪಾಲು ಹುಟ್ಟುವುದು ಮಾತ್ರ ಎದುರು ತುದಿಯ ಗಂತಿನಲ್ಲಿ. ಓಟ ಆರಂಭವಾಗುವ ಅಲ್ಲಿಗೆ ನಾನು ಗುಂಪನ್ನು ಬಿಟ್ಟು ಒಬ್ಬನೇ ನಡೆದು ಹೋದೆ. ಯಾವ ಊರಿನ ಕಂಬಳ ಎಂದು ಬರೆಯುವುದಿಲ್ಲ. ಇದನ್ನು ಒಂದು ಸಮಿತಿಯ ದೋಷವಾಗಿ ಓದಬಾರದು.

ಜೋಡಿಗಳು ಡೋಲು, ಕೊಂಬುಗಳ ಸದ್ದಿನ ನಡುವೆ ಕರೆಗಿಳಿಯುತ್ತವೆ. ಎರಡೂ ಜೋಡಿ ಒಮ್ಮೆಲೇ ಸರಿಯಾಗಿ ನಿಂತರೆ ಬಿಡುವುದು ಕ್ಷಣದ ಕೆಲಸ. ಒಂದು ಜೋಡಿ ತಿರುಗಿ ನಿಂತರೆ, ಅಥವಾ ಒಬ್ಬ ಯಜಮಾನರಿಗೆ ಅದೇ ಸರಿಯಾದ ಗಳಿಗೆಯೆಂದು ಅನ್ನಿಸದಿದ್ದರೆ, ಇನ್ನೊಂದು ಜೋಡಿಯೂ ಕಾಯಬೇಕು. ಆ ಕಾಯುವಿಕೆಯಲ್ಲಿ ಮೂಗುದಾರವನ್ನು ನಾಲ್ಕಾರು ಕೈಗಳು ಎಳೆದು ಹಿಡಿದಿರುತ್ತವೆ, ಬಾಲವನ್ನು ತಿರುಚುವವರಿರುತ್ತಾರೆ, ಕೋಣಗಳ ಬಾಯಿಂದ ನೊರೆ ಇಳಿಯುತ್ತಿರುತ್ತದೆ. ಕೆಲವು ಓಟಗಾರರು ಬೆತ್ತವನ್ನು ಗಾಳಿಯಲ್ಲಿ ಬೀಸಿ ಸದ್ದು ಮಾಡಿದರಷ್ಟೆ, ಮುಟ್ಟಿಸಲಿಲ್ಲ. ಕೆಲವರು ಹೊಡೆದರು, ಹೊಡೆತದ ಗುರುತು ಒದ್ದೆ ಚರ್ಮದ ಮೇಲೆ ಎದ್ದು ಕಾಣುವಷ್ಟು ಹೊಡೆದರು. ಕೋಣ ಆಕಳಿನಷ್ಟು ಬೆವರುವ ಪ್ರಾಣಿಯಲ್ಲ, ಕೆಸರು ಮತ್ತು ನೀರೇ ಅದರ ತಂಪು. ಹಾಗಿರುವಾಗ ಮಧ್ಯಾಹ್ನದ ಬಿಸಿಲಿನಲ್ಲಿ ಗಂತಿನ ವಿಳಂಬವೇ ಒಂದು ಹಿಂಸೆಯಾಗುತ್ತದೆ, ಬೆತ್ತ ಎತ್ತದಿದ್ದರೂ ಕೂಡ.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಯಜಮಾನರೊಬ್ಬರು ನನ್ನ ಮುಖವನ್ನು ನೋಡಿ ತಾವಾಗಿಯೇ ಮಾತು ತೆಗೆದರು. “ಹೊಡೆಯದಿದ್ರೆ ಓಡುದಿಲ್ಲ ಅಂತ ಹೇಳುದು ಸುಳ್ಳು ಮಾರಾಯ್ರೆ. ಓಡುವ ಕೋಣಕ್ಕೆ ಕರೆ ಕಂಡ್ರೆ ಸಾಕು. ಓಡದೇ ಇರುವುದಕ್ಕೆ ಹೊಡೆದು ಏನು ಪ್ರಯೋಜನ ಉಂಟು?” ಇಡೀ ದಿನದಲ್ಲಿ ನಾನು ಕೇಳಿದ ಅತ್ಯುತ್ತಮ ವಿವರಣೆ ಇದು, 2,800 ರೂಪಾಯಿಯ ಪ್ರವಾಸದಲ್ಲಿ ಇದಕ್ಕೆ ಜಾಗವಿರಲಿಲ್ಲ.

ಕಾನೂನಿನ ಬಗ್ಗೆ ಮಾರ್ಗದರ್ಶಿ “ಸುಪ್ರೀಂ ಕೋರ್ಟಿನಲ್ಲಿ ನಾವೇ ಗೆದ್ದದ್ದು” ಎಂದಷ್ಟೇ ಹೇಳಿ ಮುಗಿಸಿದ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿದಾಗ, ಹಸಿವು, ಅಸೌಖ್ಯ, ನೋವು, ಭಯ ಇವುಗಳಿಂದ ಮುಕ್ತಿ ಹಾಗೂ ಸಹಜವಾಗಿ ವರ್ತಿಸುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಪ್ರಾಣಿಗಳಿಗೆ ಮಾನ್ಯ ಮಾಡಿತ್ತು. ಅದರ ಪರಿಣಾಮ ಕಂಬಳದ ಮೇಲೂ ಆಗಿ, 2016ರಲ್ಲಿ ರಾಜ್ಯ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಮರುವರ್ಷದ ಹೋರಾಟ ಮತ್ತು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಕರಾವಳಿಯಲ್ಲಿ ಎಲ್ಲರಿಗೂ ನೆನಪಿದೆ. 2023ರ ಮೇ 18ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಐವರ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೊಸ ನಿಯಮಗಳಿಂದ ಪ್ರಾಣಿಗಳ ನೋವು ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬ ಆಧಾರದ ಮೇಲೆ ಪೀಠ ಹಾಗೆ ಹೇಳಿತು, ಆ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾಡಳಿತದ ಮೇಲೆ ಇರಿಸಿತು. ಅಂದರೆ ನಮಗೆ ಸಿಕ್ಕ ಅನುಮತಿ ಷರತ್ತಿನದು. ಗೆಲುವು ಎಂದು ಮಾತ್ರ ಹೇಳಿ ಷರತ್ತನ್ನು ಬಿಟ್ಟರೆ ಕೇಳುವವರಿಗೆ ಅರ್ಧ ತೀರ್ಪನ್ನು ಓದಿ ಹೇಳಿದಂತಾಗುತ್ತದೆ.

ಪ್ರವಾಸದ ಕೊನೆಯ ಭಾಗವಾಗಿ ಕೋಣಗಳ ಹಟ್ಟಿಯೊಂದಕ್ಕೆ ಭೇಟಿಯಿತ್ತು, ಇದು ನಿಜವಾಗಿಯೂ ಚೆನ್ನಾಗಿತ್ತು. ಬೇಯಿಸಿದ ಹುರುಳಿ, ಎಣ್ಣೆಯ ತಿಕ್ಕಾಟ, ದಿನವೂ ಈಜು, ನೊಣ ಕೂರದಷ್ಟು ಶುಚಿಯಾದ ನೆಲ. ನಮ್ಮಲ್ಲಿ ಎಷ್ಟೋ ಹಾಲು ಕೊಡುವ ದನಗಳಿಗೂ ಈ ಭಾಗ್ಯವಿಲ್ಲ. ಉಳುಮೆಗೆ ಟಿಲ್ಲರ್ ಬಂದ ಮೇಲೆ ಕಂಬಳವಿಲ್ಲದಿದ್ದರೆ ಕೋಣಗಳನ್ನು ಸಾಕುವವರೇ ಇರುತ್ತಿರಲಿಲ್ಲ ಎಂದು ಮನೆಯವರು ಹೇಳಿದರು. ಸ್ಪೇನಿನಲ್ಲಿ ಕಾಳಗದ ಗೂಳಿಗಳನ್ನು ಸಾಕುವವರ ವಾದವೂ ಇದೇ: ಕಾಳಗ ನಿಂತರೆ ತಳಿಯೇ ಅಳಿಯುತ್ತದೆ ಎನ್ನುತ್ತಾರೆ. ವಾದದಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಮುನ್ನೂರು ದಿನಗಳ ಆರೈಕೆಯನ್ನು ತೋರಿಸಿ ಗಂತಿನ ಅರ್ಧ ಗಂಟೆಯನ್ನು ಅದರಲ್ಲಿ ವಜಾ ಮಾಡುವ ಲೆಕ್ಕವನ್ನು ನಾನು ಒಪ್ಪಲಾರೆ. ಹಟ್ಟಿಯಲ್ಲಿ ಅಷ್ಟು ಪ್ರೀತಿಯಿಂದ ಸಾಕುವವರಿಗೆ ಕರೆಯಲ್ಲಿ ಬೆತ್ತವನ್ನು ಬಿಡುವುದು ಕಷ್ಟವೂ ಆಗಬಾರದು.

ವಾಹನದಲ್ಲಿ ಮರಳುವಾಗ ಮಾರ್ಗದರ್ಶಿ, ಶತಮಾನಗಳಿಂದ ಒಂದಿಷ್ಟೂ ಬದಲಾಗದ ಸಂಪ್ರದಾಯ ಎಂದು ಮಾತು ಮುಗಿಸಿದ. ಲೇಸರ್ ಕಿರಣದಿಂದ ಫಲಿತಾಂಶ ತೀರ್ಮಾನವಾಗುವ, ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ನಡೆಯುವ, 2023ರಲ್ಲಿ ಬೆಂಗಳೂರಿನ ಅರಮನೆ ಮೈದಾನದವರೆಗೂ ಹೋಗಿ ಬಂದ ಕಂಬಳದ ಬಗ್ಗೆ ಈ ಮಾತು ಹೇಗೂ ನಿಲ್ಲದು. ಅದಕ್ಕಿಂತ ಮುಖ್ಯವಾದ ಬದಲಾವಣೆಯೊಂದು ಮನುಷ್ಯರಿಗೆ ಸಂಬಂಧಿಸಿದ್ದು. ಹಿಂದೆ ಕೋಣಗಳನ್ನು ಇಳಿಸುವ ಮೊದಲು ಕೊರಗ ಸಮುದಾಯದವರನ್ನು ಕರೆಯಲ್ಲಿ ಓಡಿಸುವ ಪದ್ಧತಿಯಿತ್ತು. ಆ ಸಮುದಾಯದ ಮೇಲೆ ಹೇರಲಾಗಿದ್ದ ಇಂಥ ಅವಮಾನಗಳನ್ನು ರಾಜ್ಯ ಸರ್ಕಾರ 2000ನೇ ವರ್ಷದ ಅಜಲು ಪದ್ಧತಿ ನಿಷೇಧ ಕಾಯ್ದೆಯ ಮೂಲಕ ಅಪರಾಧವೆಂದು ಸಾರಿತು. ಅದನ್ನು ಬಿಟ್ಟಿದ್ದರಿಂದ ಕಂಬಳದ ಕಳೆ ಕುಂದಿತೆಂದು ಇಂದು ಯಾರೂ ಬಹಿರಂಗವಾಗಿ ಹೇಳಲಾರರು. ಹೊರಗಿನವರಿಗೆ ತುಳುನಾಡನ್ನು ಪರಿಚಯಿಸುವ ಪ್ರವಾಸದಲ್ಲಿ ಈ ಸಂಗತಿ ಒಂದು ವಾಕ್ಯವಾಗಿಯಾದರೂ ಬರಬೇಕಿತ್ತು.

ದರ ಸ್ವಲ್ಪ ದುಬಾರಿ, ಆದರೂ ಊಟ, ಹಟ್ಟಿಯ ಭೇಟಿ ಮತ್ತು ವಿಭಾಗಗಳ ವಿವರಣೆಗೆ ಕೊಟ್ಟ ಹಣ ಸಂದಿದೆ. ಹಿರಿಯರು, ಮಕ್ಕಳು ಇರುವ ಕುಟುಂಬಗಳಿಗೆ ಸ್ವಂತ ವಾಹನದ ನಿಲುಗಡೆಯ ಪಾಡಿಗಿಂತ ಇದು ವಾಸಿ. ನನ್ನ ಅಭಿಪ್ರಾಯವನ್ನು ಸಂಸ್ಥೆಯವರಿಗೆ ಬರೆದು ತಿಳಿಸಿದ್ದೆ: ಗ್ರಾಹಕರನ್ನು ಅರ್ಧ ಗಂಟೆಯಾದರೂ ಗಂತಿನ ಬಳಿ ನಿಲ್ಲಿಸಿರಿ, ಬೆತ್ತ ಬಳಸದೆ ಓಡಿಸುವವರನ್ನು ಹೆಸರು ಹಿಡಿದು ಪರಿಚಯಿಸಿರಿ, ಪಶುವೈದ್ಯರು ಎಲ್ಲಿದ್ದಾರೆಂದು ತೋರಿಸಿರಿ, ಕರಪತ್ರದಿಂದ ಸ್ಪೇನಿನ ಸಾಲನ್ನು ತೆಗೆಯಿರಿ. ಸಂಸ್ಥೆಯ ಮಾಲೀಕರು ದೂರವಾಣಿಯಲ್ಲಿ ಸೌಜನ್ಯದಿಂದಲೇ ಮಾತನಾಡಿದರು. ಚಿಕ್ಕ ಗುಂಪಾಗಿದ್ದು, ಕಾದಿರಿಸುವಾಗಲೇ ಕೇಳಿಕೊಂಡರೆ ಗಂತಿಗೆ ಕರೆದೊಯ್ಯಲು ಅಡ್ಡಿಯಿಲ್ಲ ಎಂದರು. ಆದ್ದರಿಂದ ಹೋಗುವವರು ಮರೆಯದೆ ಕೇಳಬೇಕು. ಸ್ಪೇನಿನ ಸಾಲನ್ನು ಮಾತ್ರ ತೆಗೆಯುವುದಿಲ್ಲವಂತೆ. “ಫೋನು ಬರುವುದೇ ಆ ಸಾಲು ಓದಿ ಸರ್” ಎಂದರು.