ಡೊಂಬಿವಲಿಯ ಉಪನ್ಯಾಸ ಮಾಲೆ: ಕೆನಡಾದ ಉಜ್ಜಲ್ ದೋಸಾಂಜ್ ಕುರಿತ ಒಂದು ಬೆಳಗು

ಪರದೇಶಗಳ ಆಡಳಿತ ವ್ಯವಸ್ಥೆಯನ್ನು ಒಬ್ಬೊಬ್ಬ ರಾಜಕಾರಣಿಯ ಬದುಕಿನ ಮೂಲಕ ಕನ್ನಡದಲ್ಲಿ ಪರಿಚಯಿಸುವ ಉಪನ್ಯಾಸ ಮಾಲೆಯೊಂದು ಡೊಂಬಿವಲಿಯಲ್ಲಿ ಶುಲ್ಕ ಪಡೆದು ನಡೆಯುತ್ತಿದ್ದು, ಅದರ ಕೆನಡಾ ಕುರಿತ ಕಂತು ಕೊಟ್ಟ ಹಣಕ್ಕೆ ಮೋಸವಿಲ್ಲದಂತಿತ್ತು. ಇದಕ್ಕಾಗಿ ಆರಿಸಿಕೊಂಡವರು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಮತ್ತು ಕೇಂದ್ರದ ಆರೋಗ್ಯ ಸಚಿವರಾಗಿದ್ದ ಉಜ್ಜಲ್ ದೋಸಾಂಜ್. ಕೆನಡಾದ ಸಂಸತ್ತಿನಲ್ಲಿ 2022ರಲ್ಲಿ ಕನ್ನಡದಲ್ಲೇ ಮಾತನಾಡಿದ, ಶಿರಾ ತಾಲ್ಲೂಕಿನ ಮೂಲದ ಚಂದ್ರ ಆರ್ಯ ಅವರನ್ನು ಆರಿಸಿದ್ದರೆ ಸಭಾಂಗಣ ತುಂಬಿ ತುಳುಕುತ್ತಿತ್ತೇನೋ. ಆದರೆ ಪ್ರಾಂತ್ಯ ಮತ್ತು ಕೇಂದ್ರ ಎರಡನ್ನೂ ಒಳಗಿನಿಂದ ಕಂಡವರ ಕಥೆಯೇ ಬೇಕೆಂದಾಗ ದೋಸಾಂಜ್ ಅವರೇ ಸರಿಯಾದ ಆಯ್ಕೆ.

ಪಂಜಾಬಿನ ದೋಸಾಂಜ್ ಕಲಾಂ ಗ್ರಾಮದಿಂದ 1964ರಲ್ಲಿ ಇಂಗ್ಲೆಂಡಿಗೆ, 1968ರಲ್ಲಿ ಕೆನಡಾಕ್ಕೆ ಹೋದದ್ದು, ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು ಮುಂದೆ ವಕೀಲರಾದದ್ದು, ಖಲಿಸ್ತಾನಿ ಉಗ್ರವಾದವನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ 1985ರಲ್ಲಿ ಕಬ್ಬಿಣದ ಸರಳಿನ ಏಟು ತಿಂದದ್ದು, ಇವೆಲ್ಲ ಚುರುಕಾಗಿ ಮುಗಿದವು. ಉಪನ್ಯಾಸಕರು ನಿಜವಾಗಿ ಅರಳಿದ್ದು 1999ರ ಪ್ರಸಂಗದಲ್ಲಿ. ಬ್ರಿಟಿಷ್ ಕೊಲಂಬಿಯಾದ ಅಟಾರ್ನಿ ಜನರಲ್ ಆಗಿದ್ದ ದೋಸಾಂಜ್, ತಮ್ಮದೇ ಪಕ್ಷದ ಪ್ರೀಮಿಯರ್ ಗ್ಲೆನ್ ಕ್ಲಾರ್ಕ್ ಅವರ ಮೇಲೆ ಕ್ರಿಮಿನಲ್ ತನಿಖೆ ನಡೆಯುತ್ತಿದೆ ಎಂದು ಸಾರ್ವಜನಿಕವಾಗಿ ಪ್ರಕಟಿಸಿದರು. ಕ್ಲಾರ್ಕ್ ರಾಜೀನಾಮೆ ಕೊಟ್ಟರು, 2002ರಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ಸಂಪುಟದ ಸಹೋದ್ಯೋಗಿಯೂ ಕಾನೂನಿನ ಮುಖ್ಯಾಧಿಕಾರಿಯೂ ಒಬ್ಬರೇ ಆಗಿರುವ ಅಟಾರ್ನಿ ಜನರಲ್ ಹುದ್ದೆಯ ಇಕ್ಕಟ್ಟನ್ನು, ನಮ್ಮ ಅಡ್ವೊಕೇಟ್ ಜನರಲ್ ಮಂತ್ರಿಯಲ್ಲ ಎಂಬುದನ್ನು ನೆನಪಿಸುತ್ತ, ಉಪನ್ಯಾಸಕರು ಬಿಡಿಸಿಟ್ಟ ರೀತಿ ಮೆಚ್ಚುವಂಥದ್ದು.

2000ದ ಫೆಬ್ರವರಿಯಲ್ಲಿ ದೋಸಾಂಜ್ ಪ್ರೀಮಿಯರ್ ಆದರು. ಕೆನಡಾದಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಮೂಲದವರು ಅವರೇ. ಮರುವರ್ಷದ ಚುನಾವಣೆಯಲ್ಲಿ ಅವರ ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ 79 ಸ್ಥಾನಗಳಲ್ಲಿ ಉಳಿದದ್ದು 2 ಮಾತ್ರ, ಅವರ ಸ್ವಂತ ಕ್ಷೇತ್ರವೂ ಹೋಯಿತು. ಗೆದ್ದದ್ದು ಬಿ.ಸಿ. (ಬ್ರಿಟಿಷ್ ಕೊಲಂಬಿಯಾ) ಲಿಬರಲ್ ಪಕ್ಷ. 2004ರಲ್ಲಿ ದೋಸಾಂಜ್ ಆಗಿನ ಪ್ರಧಾನಿ ಪಾಲ್ ಮಾರ್ಟಿನ್ ಅವರ ಕೇಂದ್ರದ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆರಿಸಿ ಬಂದರು. ಪರದೆಯ ಮೇಲೆ ಎರಡಕ್ಕೂ ‘ಲಿಬರಲ್’ ಎಂದಷ್ಟೇ ಬರೆದಿದ್ದರಿಂದ, ತಮ್ಮನ್ನು ಮಣ್ಣುಮುಕ್ಕಿಸಿದವರ ಪಾಳೆಯಕ್ಕೇ ಸೇರಿದರೇ ಎಂದು ಸಭೆ ಗುಸುಗುಸು ಮಾಡಿತು. ಪ್ರಾಂತ್ಯದ ಲಿಬರಲ್ ಪಕ್ಷವು 1980ರ ದಶಕದಲ್ಲೇ ಕೇಂದ್ರದ ಲಿಬರಲ್ ಪಕ್ಷದಿಂದ ಬೇರ್ಪಟ್ಟ ಸ್ವತಂತ್ರ ಪಕ್ಷವೆಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಇಡೀ ಉಪನ್ಯಾಸದ ದೊಡ್ಡ ಕೊರತೆ ಇದೇ. ಇದನ್ನು ‘ಪಕ್ಷಾಂತರ’ ಎಂದು ಕರೆದು ಮುಂದೆ ಸಾಗಿದ್ದೂ ನನಗೆ ಒಪ್ಪಿಗೆಯಾಗಲಿಲ್ಲ: ಸ್ಥಾನದಲ್ಲಿ ಕುಳಿತೇ ಪಾಳೆಯ ಬದಲಿಸಿದವರನ್ನು ಮಹಾರಾಷ್ಟ್ರದಲ್ಲಿ ಬೇಕಾದಷ್ಟು ನೋಡಿರುವ ನಮಗೆ, ಸೋತು ಮೂರು ವರ್ಷ ಶಾಸನಸಭೆಯ ಹೊರಗಿದ್ದು ಹೊಸ ಚಿಹ್ನೆಯಡಿ ಮತದಾರರ ಮುಂದೆ ನಿಂತವರನ್ನು ಅದೇ ಸಾಲಿಗೆ ಸೇರಿಸುವುದು ಅನ್ಯಾಯವೆನಿಸುತ್ತದೆ.

ಆರೋಗ್ಯ ಸಚಿವರಾಗಿದ್ದ 2004ರಿಂದ 2006ರವರೆಗಿನ ಅವಧಿಯ ವಿವರಣೆ ಮತ್ತೆ ಗಟ್ಟಿಯಾಗಿತ್ತು. ಆಸ್ಪತ್ರೆಗಳನ್ನು ನಡೆಸುವುದು ಪ್ರಾಂತ್ಯಗಳು, ಹಣದ ಒಂದು ಪಾಲನ್ನು ಷರತ್ತುಗಳೊಂದಿಗೆ ಕೊಡುವುದು ಕೇಂದ್ರ. 2004ರ ಸೆಪ್ಟೆಂಬರ್ ಒಪ್ಪಂದದಲ್ಲಿ ಹತ್ತು ವರ್ಷಗಳಿಗೆ 4,100 ಕೋಟಿ ಡಾಲರ್ ಹೆಚ್ಚುವರಿ ನೆರವು ಘೋಷಣೆಯಾಯಿತು, ಚಿಕಿತ್ಸೆಗಾಗಿ ಕಾಯುವ ಅವಧಿ ತಗ್ಗಿಸುವುದು ಅದರ ಮುಖ್ಯ ಗುರಿಗಳಲ್ಲಿ ಒಂದಾಗಿತ್ತು. 2011ರ ಸಂಸತ್ ಚುನಾವಣೆಯಲ್ಲಿ ಅವರು ಕಂಡ ಸೋಲಿಗೆ ಸಿಕ್ಕಿದ್ದು ಅರ್ಧ ನಿಮಿಷ.

ವ್ಯವಸ್ಥೆಯ ಮಾತಿಗೆ ಬಂದರೆ, ಮುದ್ರಿತ ಟಿಪ್ಪಣಿ ಅಚ್ಚುಕಟ್ಟಾಗಿದೆ, ಧ್ವನಿವರ್ಧಕ ಹಿಂದಿನ ಸಾಲಿಗೆ ಸಾಲದು. ಮುಂಬಯಿ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ (ದುರಸ್ತಿಗಾಗಿ ಸಂಚಾರ ಕಡಿತ) ಇರುವ ಭಾನುವಾರವೇ ಹನ್ನೊಂದಕ್ಕೆ ಆರಂಭವೆಂದರೆ ಮುಲುಂಡ್, ಘಾಟ್ಕೋಪರ್ ಕಡೆಯವರು ತಡವಾಗಿಯೇ ಬರುತ್ತಾರೆ. ಒಂದೇ ಕಂತಿಗೆ ಚೀಟಿ ಕೊಡುವುದಿಲ್ಲ, ಇಡೀ ಮಾಲೆಗೇ ಹಣ ಕಟ್ಟಬೇಕು; ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ ಅರ್ಧ ಶುಲ್ಕ.