ನಮ್ಮ ಇಳಕಲ್ ಸೀರೆ ಅಂಗಡಿ ಬ್ಲಾಗಿಗೆ ಕಥೆ ಬರೆಸಿದ್ದು: ರಿವ್ಯೂ

ಅಂಗಡಿ ಬ್ಲಾಗಿಗೆ ಬರೆಯೋಕೆ ಬೆಂಗಳೂರಿನ ಒಂದು ಸಣ್ಣ ಕಂಟೆಂಟ್ ಟೀಮ್ ಹಿಡಿದಿದ್ವಿ, ಕೆಲಸ ನಿಜವಾಗ್ಲೂ ತುಂಬಾ ಇಷ್ಟ ಆಯ್ತು. ಮೊದ್ಲು ಇದ್ದ ಏಜೆನ್ಸಿಯವ್ರು "ಹಬ್ಬಕ್ಕೆ ಉಡೋಕೆ ಐದು ಸೀರೆ" ಥರದ್ದೇ ಬರೀತಿದ್ರು, ಯಾವ ಅಂಗಡಿ ಹೆಸರು ಹಾಕಿದ್ರೂ ನಡೆಯುತ್ತೆ. ಇವ್ರು ಸೀದಾ ಇಳಕಲ್‌ಗೇ ಹೋಗಿ ನೇಕಾರರ ಮನೇಲಿ ಗುಂಡಿ ಮಗ್ಗದ ಪಕ್ಕ ಕೂತು ಕೇಳ್ಕೊಂಡು ಬಂದ್ರು.

ಒಂದು ಪೋಸ್ಟ್ ಅಂತೂ ಪೂರ್ತಿ ಕೊಂಡಿ ಹಾಕೋದರ ಬಗ್ಗೆನೇ, ಸೀರೆ ಒಡಲಿನ ಹಾಸು ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟೋ ಎಳೆಗಳು) ಸೆರಗಿನ ಕೆಂಪು ರೇಷ್ಮೆ ಹಾಸು ನೂಲನ್ನ ಒಂದೊಂದೇ ಎಳೆ ಕುಣಿಕೆ ಮಾಡಿ ಸೇರಿಸೋದು, ಆ ಕೆಲಸ ಮಾಡೋ ಅಜ್ಜಿ ಎಳೆ ತಪ್ಪಿದ್ರೆ ಬೆರಳಲ್ಲೇ ಸವರಿ ಹೇಗೆ ಹುಡುಕ್ತಾರೆ ಅನ್ನೋದು, ಎಲ್ಲಾ ಅವರ ಮಾತಲ್ಲೇ ಇದೆ. ಅದನ್ನ ಓದಿದ ಗಿರಾಕಿಗಳು ಈಗ ಸೆರಗು ತಿರುಗಿಸಿ "ಕೊಂಡಿ ಎಲ್ಲಿದೆ ತೋರ್ಸಿ" ಅಂತಾರೆ! ಪವರ್‌ಲೂಮ್ ಸೀರೆಗಿಂತ ರೇಟ್ ಯಾಕೆ ಜಾಸ್ತಿ ಅಂತ ನಾವು ಬಾಯಿ ನೋಯಿಸ್ಕೊಳ್ಳೋದು ಎಷ್ಟೋ ಕಮ್ಮಿ ಆಗಿದೆ.

ಹೊಸ ವಿಷಯಕ್ಕೂ ಬರ ಇಲ್ಲ, ಕೌಂಟರ್‌ನಲ್ಲಿ ಗಿರಾಕಿ ಕೇಳೋ ಪ್ರಶ್ನೆಗಳನ್ನ ಬರೆದಿಡೋಕೆ ಹೇಳಿದ್ರು, ತೊಳೆದ್ರೆ ಬಣ್ಣ ಬಿಡುತ್ತಾ, ಅಮ್ಮನ ಹಳೇ ಸೀರೆ ಸೆರಗು ಹರಿದಿದೆ ಏನ್ಮಾಡ್ಲಿ, ಒಂದೊಂದು ಪ್ರಶ್ನೆ ಹಿಂದೂ ಒಂದು ಮನೆ ಕಥೆ ಇರುತ್ತೆ.

ಕೊರತೆ ಅಂದ್ರೆ ನಿಧಾನ, ಫೋಟೋಗೆ ಬೇರೆ ಚಾರ್ಜು. ಒಂದು ಡ್ರಾಫ್ಟಲ್ಲಿ ಕಸೂತಿನ ಮಗ್ಗದಲ್ಲೇ ನೇಯ್ತಾರೆ ಅಂತ ಬರೆದಿದ್ರು, ಅದು ಸೂಜಿ ಕೆಲಸ, ಹೇಳಿದ್ಮೇಲೆ ತಿದ್ದಿದ್ರು. ಆದ್ರೆ ನೇಕಾರರಿಗೆ ಓದಿ ಹೇಳಿ, ಅವ್ರು ಒಪ್ಪಿದ್ಮೇಲೇ ಪೋಸ್ಟ್ ಹಾಕ್ತಾರೆ, ನನಗೆ ಅದೇ ದೊಡ್ಡದು. ಮುಂದಿನ ವರ್ಷಕ್ಕೂ ಇವ್ರನ್ನೇ ಇಟ್ಕೊಂಡಿದ್ದೀವಿ.